ಹದಿಮೂರು ತಿಂಗಳ ಅಂತರ: ಬೀಟಲ್ಸ್ ತಂಡದ ಮೊದಲ ಧ್ವನಿಮುದ್ರಣಗಳು

1962ರ ಜನವರಿ 1ರಂದು ಲಂಡನ್ನಿನ ಡೆಕ್ಕಾ ಕಂಪನಿಯ ಸ್ಟುಡಿಯೋದಲ್ಲಿ ಲಿವರ್‌ಪೂಲಿನ ನಾಲ್ವರು ಯುವಕರು ಹದಿನೈದು ಹಾಡುಗಳನ್ನು ಹಾಡಿ ನುಡಿಸಿದರು. ಕೆಲವು ವಾರಗಳ ನಂತರ ಕಂಪನಿ ಅವರನ್ನು ಬೇಡವೆಂದಿತು. 1963ರ ಫೆಬ್ರವರಿ 11ರಂದು ಅದೇ ನಗರದ ಇಎಂಐ ಸ್ಟುಡಿಯೋದಲ್ಲಿ, ಡ್ರಮ್ ವಾದಕನೊಬ್ಬನನ್ನು ಬಿಟ್ಟರೆ ಅದೇ ತಂಡ, ಒಂದೇ ದಿನದಲ್ಲಿ ಹತ್ತು ಹಾಡುಗಳನ್ನು ಮುಗಿಸಿ ಎದ್ದಿತು. ಆ ಹಾಡುಗಳನ್ನೊಳಗೊಂಡ ಎಲ್‌ಪಿ (ಹಲವು ಹಾಡುಗಳ ದೊಡ್ಡ ತಟ್ಟೆ) ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೂವತ್ತು ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. ಈ ಎರಡು ದಿನಗಳ ನಡುವೆ ಇರುವುದು ಹದಿಮೂರು ತಿಂಗಳು ಮಾತ್ರ. ಬೀಟಲ್ಸ್ ತಂಡದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಈ ಅಂತರವನ್ನು ಡೆಕ್ಕಾ ಅಧಿಕಾರಿಗಳ ದಡ್ಡತನದ ಕಥೆಯಾಗಿ ಹೇಳಿ ನಕ್ಕು ಮುಂದೆ ಹೋಗುತ್ತಾರೆ. ಆ ಕಥೆಯಲ್ಲಿ ಸ್ವಾರಸ್ಯವಿದೆ, ಆದರೆ ಟೇಪುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಕೇಳಿದವರಿಗೆ ಅದು ಸಾಲದು. ಒಂದು ಧ್ವನಿಮುದ್ರಣ ಯಾರ ಹಣದಲ್ಲಿ, ಯಾರನ್ನು ಮೆಚ್ಚಿಸಲು, ಯಾವ ಕೋಣೆಯಲ್ಲಿ ಆಯಿತು ಎಂಬುದು ಅದರ ನಾದವನ್ನು ಎಷ್ಟರಮಟ್ಟಿಗೆ ನಿರ್ಧರಿಸುತ್ತದೆ ಎಂಬುದಕ್ಕೆ ಈ ತಂಡದ ಆರಂಭದ ಮುದ್ರಣಗಳಷ್ಟು ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಈ ಉಪನ್ಯಾಸದಲ್ಲಿ ನಾನು ಆ ಒಂದು ಅಂಶವನ್ನೇ ಹಿಡಿದು ಹೊರಟಿದ್ದೇನೆ.

ಮೊದಲು ಲಿವರ್‌ಪೂಲಿಗೆ ಹೋಗೋಣ. ಜಾನ್ ಲೆನನ್ ಎಂಬ ಶಾಲಾ ಹುಡುಗ 1956ರಲ್ಲಿ ಗೆಳೆಯರನ್ನು ಸೇರಿಸಿ ಕ್ವಾರಿಮೆನ್ ಎಂಬ ಸ್ಕಿಫಲ್ ತಂಡ ಕಟ್ಟಿದ್ದ, ಮುಂದೆ ಬೀಟಲ್ಸ್ ಆದದ್ದು ಇದೇ ತಂಡ. ಅಗ್ಗದ ಗಿಟಾರು, ಚಹಾ ಪೆಟ್ಟಿಗೆಗೆ ಕೋಲು ನಿಲ್ಲಿಸಿ ಹುರಿ ಬಿಗಿದು ಮಾಡಿದ ಬೇಸ್, ಬಟ್ಟೆ ಉಜ್ಜುವ ತಗಡಿನ ಹಲಗೆ, ಇಷ್ಟಿದ್ದರೆ ಸ್ಕಿಫಲ್ ನುಡಿಸಬಹುದಾಗಿತ್ತು. ಆ ವರ್ಷಗಳಲ್ಲಿ ಬ್ರಿಟನ್ನಿನ ಬೀದಿಬೀದಿಗಳಲ್ಲಿ ಇಂಥ ತಂಡಗಳು ಹುಟ್ಟಿಕೊಂಡಿದ್ದವು. 1957ರ ಜುಲೈ 6ರಂದು ವೂಲ್ಟನ್ ಬಡಾವಣೆಯ ಸೇಂಟ್ ಪೀಟರ್ಸ್ ಚರ್ಚಿನ ಹಬ್ಬದಲ್ಲಿ ಈ ತಂಡ ಹಾಡಿತು. ಪಾಲ್ ಮ್ಯಾಕಾರ್ಟ್ನಿ ಲೆನನ್‌ನನ್ನು ಮೊದಲ ಸಲ ಕಂಡದ್ದು ಅದೇ ದಿನ. ಚರ್ಚಿನ ಯುವಕ ಸಂಘದ ಸದಸ್ಯನೊಬ್ಬ ತನ್ನ ಗ್ರುಂಡಿಗ್ ಟೇಪ್ ರೆಕಾರ್ಡರಿನಲ್ಲಿ ಸಂಜೆಯ ಕಾರ್ಯಕ್ರಮದ ಒಂದಿಷ್ಟನ್ನು ಹಿಡಿದಿಟ್ಟಿದ್ದ. 1994ರ ಹರಾಜಿನಲ್ಲಿ ಆ ಟೇಪನ್ನು ಇಎಂಐ ಕಂಪನಿ 78,500 ಪೌಂಡ್ ಕೊಟ್ಟು ಕೊಂಡಿತು. ಸಂಗೀತದ ದೃಷ್ಟಿಯಿಂದ ಅದರಲ್ಲಿ ಕೇಳುವಂಥದ್ದು ಹೆಚ್ಚೇನೂ ಇಲ್ಲ, ಗದ್ದಲದ ಸಭಾಂಗಣದಲ್ಲಿ ದೂರದಿಂದ ಬರುವ ಒಂದು ಹುಡುಗು ಕಂಠ ಅಷ್ಟೆ. ಗ್ರುಂಡಿಗ್ ಎಂಬ ಹೆಸರನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಬೇಕು. ಈ ಜರ್ಮನ್ ಮನೆಬಳಕೆಯ ಯಂತ್ರ ಮುಂದೆಯೂ ಬರುತ್ತದೆ.

ತಂಡ ತಾನಾಗಿ ಹಣ ಕೊಟ್ಟು ಮಾಡಿಸಿಕೊಂಡ ಮೊದಲ ಮುದ್ರಣ ನಡೆದದ್ದು ಮರುವರ್ಷ, 1958ರ ಜುಲೈ 12ರಂದು. ಲಿವರ್‌ಪೂಲಿನ ಕೆನ್ಸಿಂಗ್ಟನ್ ಬೀದಿಯ 38ನೆಯ ನಂಬರಿನ ಮನೆಯಲ್ಲಿ ಪರ್ಸಿ ಫಿಲಿಪ್ಸ್ ಎಂಬವರು ಒಂದು ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದರು. ಬೀದಿಯ ಸದ್ದು ಒಳಗೆ ಬರದಂತೆ ದಪ್ಪ ಕಂಬಳಿಗಳನ್ನು ಇಳಿಬಿಟ್ಟ ಒಂದು ಕೋಣೆ, ಒಂದು ಮೈಕು, ತಟ್ಟೆ ಕೊರೆಯುವ ಒಂದು ಯಂತ್ರ. ಊರಿನ ಹವ್ಯಾಸಿ ಗಾಯಕರು, ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ತಮ್ಮ ದನಿಯನ್ನು ಪ್ಲೇಟಿಗೆ ಇಳಿಸಿಕೊಳ್ಳಬಯಸುವವರು ಅಲ್ಲಿಗೆ ಬರುತ್ತಿದ್ದರು. ಲೆನನ್‌ಗೆ ಆಗ ಹದಿನೇಳು, ಮ್ಯಾಕಾರ್ಟ್ನಿಗೆ ಹದಿನಾರು, ಜಾರ್ಜ್ ಹ್ಯಾರಿಸನ್‌ಗೆ ಹದಿನೈದು. ಜೊತೆಗೆ ಪಿಯಾನೋಗೆ ಜಾನ್ ಲೋ, ಡ್ರಮ್ಮಿಗೆ ಕಾಲಿನ್ ಹ್ಯಾಂಟನ್. ಒಂದು ಬದಿಗೆ ಅಮೆರಿಕದ ರಾಕ್ ಗಾಯಕ ಬಡ್ಡಿ ಹಾಲಿಯ ‘ದಟ್ಲ್ ಬಿ ದ ಡೇ’, ಇನ್ನೊಂದು ಬದಿಗೆ ತಮ್ಮದೇ ಆದ ‘ಇನ್ ಸ್ಪೈಟ್ ಆಫ್ ಆಲ್ ದ ಡೇಂಜರ್’. ಎರಡಕ್ಕೂ ಮುಖ್ಯ ಕಂಠ ಲೆನನ್‌ನದು. ಎರಡನೆಯ ಹಾಡಿನ ಕರ್ತೃಗಳೆಂದು ತಟ್ಟೆಯ ಮೇಲೆ ಮ್ಯಾಕಾರ್ಟ್ನಿ ಮತ್ತು ಹ್ಯಾರಿಸನ್ ಹೆಸರುಗಳಿವೆ. ಈ ಜೋಡಿ ಹೆಸರು ಮುಂದೆ ತಂಡದ ಯಾವ ರೆಕಾರ್ಡಿನ ಮೇಲೂ ಕಾಣಿಸಲಿಲ್ಲ.

ನಿಮಿಷಕ್ಕೆ 78 ಸುತ್ತು ಸುತ್ತುವ ಆ ಹತ್ತಂಗುಲದ ತಟ್ಟೆಗೆ ಎರಡನೆಯ ಪ್ರತಿ ಇರಲಿಲ್ಲ. ಐದು ಮಂದಿಗೆ ಒಂದೇ ತಟ್ಟೆಯಾದ್ದರಿಂದ ಸರದಿಯಂತೆ ಮನೆಗೆ ಒಯ್ಯುತ್ತಿದ್ದರು. ಕೊನೆಗೆ ಲೋ ಅವರ ಕೈಗೆ ಬಂದದ್ದು ಅಲ್ಲೇ ಉಳಿಯಿತು, ಇಪ್ಪತ್ತಕ್ಕೂ ಹೆಚ್ಚು ವರ್ಷ. 1981ರಲ್ಲಿ ಮ್ಯಾಕಾರ್ಟ್ನಿ ಅದನ್ನು ಅವರಿಂದ ಕೊಂಡುಕೊಂಡರು. 1995ರಲ್ಲಿ ತಂಡದ ಹಳೆಯ ಮುದ್ರಣಗಳ ‘ಆಂಥಾಲಜಿ’ ಸಂಪುಟದ ಮೊದಲ ಭಾಗದಲ್ಲಿ ಎರಡೂ ಹಾಡುಗಳು ಲೋಕಕ್ಕೆ ದೊರೆತವು, ಎರಡನೆಯದು ಸ್ವಲ್ಪ ಮೊಟಕಾಗಿ. ಇಲ್ಲಿ ಕೇಳುಗರು ಗಮನಿಸಬೇಕಾದ ಸಂಗತಿಯೊಂದಿದೆ. ಹುಡುಗರ ನುಡಿಸಾಣಿಕೆ ಕಚ್ಚಾ ಆಗಿದೆ, ಗಿಟಾರು ತಡವರಿಸುತ್ತದೆ. ಆದರೆ ಲೆನನ್‌ನ ಹಿಂದೆ ಇತರರ ಕಂಠಗಳು ಕೂಡುವಾಗ ಅವರಿಗೆ ಸ್ವಲ್ಪವೂ ಹೆದರಿಕೆಯಿಲ್ಲ. ಅವರು ಯಾರಿಗೂ ಪರೀಕ್ಷೆ ಕೊಡುತ್ತಿರಲಿಲ್ಲ. ಒಂದು ಪೌಂಡಿಗೂ ಕಡಿಮೆ ಹಣದಲ್ಲಿ ತಮ್ಮ ದನಿಯನ್ನು ತಾವೇ ಕೇಳುವ ಆಸೆಯೊಂದೇ ಅಲ್ಲಿತ್ತು. ಅದಾದ ಮೂರನೆಯ ದಿನ ಲೆನನ್‌ನ ತಾಯಿ ಜೂಲಿಯಾ ಕಾರು ಬಡಿದು ತೀರಿಕೊಂಡರು ಎಂಬುದು ಈ ಮುದ್ರಣಕ್ಕೆ ಸಂಬಂಧಪಟ್ಟದ್ದಲ್ಲ, ಆದರೂ ಆ ತಾರೀಖನ್ನು ಓದುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

1960ರಲ್ಲಿ ಮನೆಯಲ್ಲಿ ಮಾಡಿಕೊಂಡ ಅಭ್ಯಾಸದ ಟೇಪುಗಳೂ ಉಳಿದಿವೆ. ಅವುಗಳಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೇಸ್ ನುಡಿಸುತ್ತಾನೆ, ಡ್ರಮ್ಮೇ ಇಲ್ಲ. ಅವನ್ನು ದಾಟಿ ಹ್ಯಾಂಬರ್ಗಿಗೆ ಹೋಗುವುದು ಒಳ್ಳೆಯದು, ಏಕೆಂದರೆ ತಂಡ ತಂಡವಾದದ್ದು ಅಲ್ಲಿ. 1960ರ ಆಗಸ್ಟಿನಿಂದ ಆ ಬಂದರಿನ ರಾತ್ರಿ ಕ್ಲಬ್ಬುಗಳಲ್ಲಿ ಗಂಟೆಗಟ್ಟಲೆ, ವಾರವಿಡೀ ನುಡಿಸಿ ಅವರ ಕೈ ಪಳಗಿತು, ಗಂಟಲು ಗಟ್ಟಿಯಾಯಿತು. ಆಗ ಡ್ರಮ್ಮಿನ ಮುಂದೆ ಕುಳಿತಿದ್ದವನು ಪೀಟ್ ಬೆಸ್ಟ್. ಈತ 1941ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ ಎಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. ಬ್ರಿಟಿಷ್ ರಾಕ್ ಅಂಡ್ ರೋಲಿನ ಆರಂಭದಲ್ಲಿ ಭಾರತದಲ್ಲಿ ಹುಟ್ಟಿದವರು ಬೇರೆಯವರೂ ಇದ್ದಾರೆ: 1958ರಲ್ಲಿ ‘ಮೂವ್ ಇಟ್’ ಹಾಡಿ ಹೆಸರಾದ ಕ್ಲಿಫ್ ರಿಚರ್ಡ್ ಲಖನೌದವರು.

1961ರ ಜೂನ್ ತಿಂಗಳಲ್ಲಿ ಹ್ಯಾಂಬರ್ಗಿನ ದಕ್ಷಿಣಕ್ಕಿರುವ ಹಾರ್‌ಬುರ್ಗಿನ ಫ್ರೀಡ್ರಿಶ್ ಎಬರ್ಟ್ ಸಭಾಂಗಣದಲ್ಲಿ ತಂಡದ ಮೊದಲ ವೃತ್ತಿಪರ ಮುದ್ರಣ ನಡೆಯಿತು. ಪೋಲಿಡಾರ್ ಕಂಪನಿಗಾಗಿ ಇದನ್ನು ನಡೆಸಿದವರು ಬರ್ಟ್ ಕೆಂಪ್‌ಫೆರ್ಟ್, ಸ್ವತಃ ಹೆಸರಾಂತ ವಾದ್ಯವೃಂದ ನಿರ್ದೇಶಕರು. ಅವರಿಗೆ ಬೇಕಾಗಿದ್ದವನು ಟೋನಿ ಶೆರಿಡನ್ ಎಂಬ ಇಂಗ್ಲಿಷ್ ಗಾಯಕ. ಬೀಟಲ್ಸ್ ಹುಡುಗರು ಅವನ ಹಿನ್ನೆಲೆಯವರು. ಸಟ್‌ಕ್ಲಿಫ್ ಆಗ ತಂಡ ಬಿಡುವ ಹಂತದಲ್ಲಿದ್ದುದರಿಂದ ಬೇಸ್ ಗಿಟಾರು ಮ್ಯಾಕಾರ್ಟ್ನಿಯ ಕೈಗೆ ಬಂದಿತ್ತು. ‘ಮೈ ಬಾನಿ’ ಎಂಬ ಹಳೆಯ ಜನಪ್ರಿಯ ಹಾಡನ್ನು ನಿಧಾನವಾಗಿ ಆರಂಭಿಸಿ ಒಮ್ಮೆಲೇ ರಾಕ್ ಲಯಕ್ಕೆ ಹಾರಿಸುವ ಆ ಮುದ್ರಣದಲ್ಲಿ ಹ್ಯಾರಿಸನ್‌ನ ಗಿಟಾರಿನ ಚುರುಕು ಕೇಳಿಸುತ್ತದೆ, ಹಿಂದಿನ ಕಂಠಗಳಲ್ಲಿ ಮ್ಯಾಕಾರ್ಟ್ನಿಯ ಕೂಗುಗಳು ಕೇಳಿಸುತ್ತವೆ. ಜರ್ಮನಿಯಲ್ಲಿ ಈ ರೆಕಾರ್ಡು ಬಂದಾಗ ತಂಡದ ಹೆಸರನ್ನು ಬೀಟ್ ಬ್ರದರ್ಸ್ ಎಂದು ಬದಲಿಸಿ ಅಚ್ಚುಹಾಕಿದರು. ಹಿನ್ನೆಲೆಯವರ ಹೆಸರಿಗೆ ಅಷ್ಟೇ ಬೆಲೆ.

ಅದೇ ಸಂದರ್ಭದಲ್ಲಿ ತಂಡಕ್ಕೆ ತಾನೇ ಮುಂದೆ ನಿಲ್ಲುವ ಅವಕಾಶವೂ ಕೊಂಚ ಸಿಕ್ಕಿತು. ‘ಏಂಟ್ ಶಿ ಸ್ವೀಟ್’ ಎಂಬ ಹಳೆಯ ಹಾಡನ್ನು ಲೆನನ್ ಹಾಡಿದ. ‘ಕ್ರೈ ಫಾರ್ ಎ ಶ್ಯಾಡೋ’ ಎಂಬ ಬರೀ ವಾದ್ಯದ ರಚನೆಯೊಂದನ್ನು ನುಡಿಸಿದರು, ಅದರ ಕರ್ತೃಗಳು ಲೆನನ್ ಮತ್ತು ಹ್ಯಾರಿಸನ್; ಕ್ಲಿಫ್ ರಿಚರ್ಡರ ಶ್ಯಾಡೋಸ್ ತಂಡದ ಶೈಲಿಯ ಅನುಕರಣೆ ಅದು, ಅರ್ಧ ಗೌರವ, ಅರ್ಧ ಕೀಟಲೆ. ನನ್ನ ಅಭಿಪ್ರಾಯದಲ್ಲಿ ಈ ಮುದ್ರಣಗಳಲ್ಲಿ ನಾದ ಶುದ್ಧವಾಗಿದೆ, ಜರ್ಮನ್ ತಂತ್ರಜ್ಞರ ಕೆಲಸ ಅಚ್ಚುಕಟ್ಟು, ಆದರೆ ಕ್ಲಬ್ಬಿನ ಬೆವರು ಇಲ್ಲಿಗೆ ಬಂದಿಲ್ಲ. ಆದರೂ ಈ ರೆಕಾರ್ಡಿನ ಫಲ ದೊಡ್ಡದು. ಲಿವರ್‌ಪೂಲಿನಲ್ಲಿ ನೆಮ್ಸ್ ಎಂಬ ರೆಕಾರ್ಡ್ ಅಂಗಡಿ ನಡೆಸುತ್ತಿದ್ದ ಬ್ರಯನ್ ಎಪ್‌ಸ್ಟೈನ್ ಅವರನ್ನು ಗಿರಾಕಿಗಳು ‘ಮೈ ಬಾನಿ’ ಕೇಳಿಕೊಂಡು ಬಂದರೆಂದೂ, ಅದರ ಜಾಡು ಹಿಡಿದು ಅವರು 1961ರ ನವೆಂಬರ್ 9ರ ಮಧ್ಯಾಹ್ನ ತಂಡ ನುಡಿಸುತ್ತಿದ್ದ ಕ್ಯಾವರ್ನ್ ಕ್ಲಬ್ಬಿನ ನೆಲಮಾಳಿಗೆಗೆ ಇಳಿದರೆಂದೂ ಅವರೇ ಬರೆದುಕೊಂಡಿದ್ದಾರೆ. ಕೆಲವೇ ವಾರಗಳಲ್ಲಿ ಅವರು ತಂಡದ ವ್ಯವಸ್ಥಾಪಕರಾಗಿದ್ದರು.

ಹೀಗೆ ಡೆಕ್ಕಾದ ಬಾಗಿಲಿಗೆ ಬಂದೆವು. ಹೊಸ ವರ್ಷದ ಮೊದಲ ದಿನ. ಹಿಂದಿನ ದಿನ ಹಿಮದ ನಡುವೆ ವ್ಯಾನಿನಲ್ಲಿ ಲಿವರ್‌ಪೂಲಿನಿಂದ ಲಂಡನ್ನಿಗೆ ಪ್ರಯಾಣ. ಇಂಗ್ಲೆಂಡಿನಲ್ಲಿ ಆಗ ಜನವರಿ 1 ಸರ್ಕಾರಿ ರಜೆಯಾಗಿರಲಿಲ್ಲ. ಮುದ್ರಣ ನಡೆಸಬೇಕಿದ್ದ ಮೈಕ್ ಸ್ಮಿತ್ ಹಿಂದಿನ ರಾತ್ರಿಯ ಸಂಭ್ರಮ ಮುಗಿಸಿ ತಡವಾಗಿ ಬಂದರು. ತಂಡ ತಂದಿದ್ದ ಆಂಪ್ಲಿಫೈಯರುಗಳು ಸ್ಟುಡಿಯೋಗೆ ತಕ್ಕುದಲ್ಲವೆಂದು ಬದಿಗಿಟ್ಟು ಕಂಪನಿಯದನ್ನೇ ಬಳಸಬೇಕಾಯಿತು. ಸುಮಾರು ಒಂದು ಗಂಟೆಯಲ್ಲಿ ಹದಿನೈದು ಹಾಡು, ತಿದ್ದುಪಡಿಗೆ ಆಸ್ಪದವಿಲ್ಲ. ಹಾಡುಗಳ ಪಟ್ಟಿಯೇ ಕಥೆ ಹೇಳುತ್ತದೆ: ತಂಡದ ಸ್ವಂತ ರಚನೆಗಳು ಮೂರು ಮಾತ್ರ, ಉಳಿದ ಹನ್ನೆರಡರಲ್ಲಿ ಚಕ್ ಬೆರಿಯ ರಾಕ್ ಇದೆ, ಬ್ರಾಡ್‌ವೇ ನಾಟಕದ ಗೀತೆಯಿದೆ, ‘ಬೇಸಾಮೆ ಮೂಚೋ’ ಎಂಬ ಮೆಕ್ಸಿಕನ್ ಪ್ರೇಮಗೀತೆಯಿದೆ, 1920ರ ದಶಕದ ‘ಶೇಖ್ ಆಫ್ ಅರಬಿ’ ಇದೆ. ಹುಡುಗರು ಏನು ಬೇಕಾದರೂ ಹಾಡಬಲ್ಲರು ಎಂದು ತೋರಿಸುವುದು ಎಪ್‌ಸ್ಟೈನ್ ಅವರ ಉದ್ದೇಶ. ವ್ಯಾಪಾರಿಯ ಲೆಕ್ಕದಲ್ಲಿ ಅದು ಸರಿ. ಆದರೆ ಎಲ್ಲವನ್ನೂ ಹಾಡಬಲ್ಲವರು ಯಾರೆಂಬುದೇ ಟೇಪನ್ನು ಕೇಳುವವನಿಗೆ ತಿಳಿಯದೆ ಹೋಗುತ್ತದೆ.

ಟೇಪನ್ನು ಕೇಳಿ. ಏಳು ಹಾಡುಗಳಲ್ಲಿ ಮ್ಯಾಕಾರ್ಟ್ನಿ ಮುಂದಿದ್ದಾನೆ, ಅವನ ಕಂಠ ಬಿಗಿದುಕೊಂಡಿದೆ. ‘ಟಿಲ್ ದೇರ್ ವಾಸ್ ಯು’ ಹಾಡಿನಲ್ಲಿ ಸಭ್ಯವಾಗಿ ಹಾಡಬೇಕೆಂಬ ಪ್ರಯತ್ನ ಪ್ರತಿ ಅಕ್ಷರದಲ್ಲೂ ಗೊತ್ತಾಗುತ್ತದೆ. ಲೆನನ್‌ಗೆ ಸಿಕ್ಕಿದ್ದು ನಾಲ್ಕೇ ಹಾಡು, ಹ್ಯಾರಿಸನ್‌ಗೂ ನಾಲ್ಕು. ‘ಮನಿ’ ಹಾಡಿನಲ್ಲಿ ಲೆನನ್ ಕಿರುಚಬೇಕಾದ ಕಡೆ ಅರ್ಧ ಕಿರುಚಿ ನಿಲ್ಲಿಸುತ್ತಾನೆ. ಇದನ್ನೇ 1963ರ ಜುಲೈ ತಿಂಗಳಲ್ಲಿ ಅವನು ಇಎಂಐನಲ್ಲಿ ಹಾಡಿದ್ದನ್ನು ಕೇಳಿದರೆ ಬೇರೆ ಮನುಷ್ಯನೇನೋ ಎನಿಸುತ್ತದೆ. ಬೆಸ್ಟ್‌ನ ಡ್ರಮ್ಮು ಹಾಡಿನಿಂದ ಹಾಡಿಗೆ ಹೆಚ್ಚೇನೂ ಬದಲಾಗುವುದಿಲ್ಲ. ಚುರುಕಾಗಿರುವವನು ಹ್ಯಾರಿಸನ್ ಒಬ್ಬನೇ, ಅವನ ‘ಶೇಖ್ ಆಫ್ ಅರಬಿ’ಯಲ್ಲಿ ತಮಾಷೆ ಉಳಿದಿದೆ. ಇದು ಕೆಟ್ಟ ತಂಡವಲ್ಲ. ಎದುರಿಗಿರುವವರು ಏನು ಬಯಸುತ್ತಾರೆಂದು ಊಹಿಸುತ್ತಾ ನುಡಿಸಿದ ತಂಡ. ಡೆಕ್ಕಾ ಅದೇ ದಿನ ಪರೀಕ್ಷಿಸಿದ್ದ ಇನ್ನೊಂದು ತಂಡ ಬ್ರಯನ್ ಪೂಲ್ ಮತ್ತು ಟ್ರೆಮೆಲೋಸ್. ಇಬ್ಬರಲ್ಲಿ ಒಂದನ್ನೇ ತೆಗೆದುಕೊಳ್ಳಬೇಕೆಂದು ಮೇಲಧಿಕಾರಿ ಡಿಕ್ ರೋ ಹೇಳಿದಾಗ, ಲಂಡನ್ನಿನ ಪಕ್ಕದಲ್ಲೇ ಇದ್ದ ಟ್ರೆಮೆಲೋಸ್ ತಂಡವನ್ನು ಸ್ಮಿತ್ ಆರಿಸಿದರು. ಗಿಟಾರು ತಂಡಗಳ ಕಾಲ ಮುಗಿಯಿತೆಂದು ರೋ ಹೇಳಿದರೆಂಬ ಪ್ರಸಿದ್ಧ ಮಾತು ಎಪ್‌ಸ್ಟೈನ್ ಅವರ ಬರಹದಿಂದ ಬಂದದ್ದು. ತಾವು ಹಾಗೆ ಅನ್ನಲಿಲ್ಲವೆಂದು ರೋ ಕೊನೆಯವರೆಗೂ ಹೇಳಿದರು. ಮುಂದೆ ಹ್ಯಾರಿಸನ್‌ನ ಮಾತಿನ ಮೇಲೆ ರೋಲಿಂಗ್ ಸ್ಟೋನ್ಸ್ ತಂಡವನ್ನು ಡೆಕ್ಕಾಗೆ ತಂದವರೂ ಅವರೇ. ಟೇಪನ್ನು ಮಾತ್ರ ಕೇಳಿ ತೀರ್ಪು ಕೊಡಬೇಕಾಗಿದ್ದರೆ ನಾನೂ ಸ್ಮಿತ್ ಅವರಂತೆಯೇ ಮಾಡುತ್ತಿದ್ದೆನೇನೋ.

ವಿಚಿತ್ರವೆಂದರೆ ಸೋತ ಆ ಟೇಪೇ ಮುಂದಿನ ದಾರಿಯನ್ನು ತೆರೆಯಿತು. ಅದನ್ನು ಕಂಪನಿಗಳಿಗೆ ಕೇಳಿಸಲು ಅನುಕೂಲವಾಗುವಂತೆ ತಟ್ಟೆಗೆ ಇಳಿಸಲೆಂದು ಎಪ್‌ಸ್ಟೈನ್ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಎಚ್‌ಎಂವಿ ಅಂಗಡಿಗೆ ಹೋದರು. ತಟ್ಟೆ ಕೊರೆಯುತ್ತಿದ್ದ ತಂತ್ರಜ್ಞರಿಗೆ ಹಾಡುಗಳು ಹಿಡಿಸಿದವು. ಅವರು ಅದೇ ಕಟ್ಟಡದಲ್ಲಿದ್ದ ಇಎಂಐ ಸಂಗೀತ ಪ್ರಕಾಶನದವರಿಗೆ ಹೇಳಿದರು. ಅಲ್ಲಿಂದ ಮಾತು ಇಎಂಐನ ಪಾರ್ಲೋಫೋನ್ ವಿಭಾಗದ ಮುಖ್ಯಸ್ಥ ಜಾರ್ಜ್ ಮಾರ್ಟಿನ್ ಅವರಿಗೆ ಮುಟ್ಟಿತು. ಮಾರ್ಟಿನ್ ಶಾಸ್ತ್ರೀಯ ಸಂಗೀತ ಕಲಿತವರು, ಓಬೋ ನುಡಿಸುತ್ತಿದ್ದರು. ಪಾರ್ಲೋಫೋನಿಗೆ ಆಗ ಹೆಸರಿದ್ದದ್ದು ಪೀಟರ್ ಸೆಲರ್ಸ್, ಸ್ಪೈಕ್ ಮಿಲಿಗನ್‌ರಂಥ ಹಾಸ್ಯಗಾರರ ರೆಕಾರ್ಡುಗಳಿಂದ. ಹಾಸ್ಯ ಮುದ್ರಿಸುವವನಿಗೆ ಸ್ಟುಡಿಯೋ ಆಟದ ಮೈದಾನ. ಸದ್ದುಗಳನ್ನು ಸೃಷ್ಟಿಸುವುದು, ಟೇಪಿನ ವೇಗ ಬದಲಿಸುವುದು, ಕತ್ತರಿಸಿ ಅಂಟಿಸುವುದು ಅವರಿಗೆ ದಿನನಿತ್ಯದ ಕೆಲಸವಾಗಿತ್ತು. ಗಂಭೀರವಾಗಿ ರಾಕ್ ಮುದ್ರಿಸುತ್ತಿದ್ದವರಿಗಿಂತ ಈ ಹಿನ್ನೆಲೆ ತಂಡಕ್ಕೆ ಹೆಚ್ಚು ಉಪಯೋಗಕ್ಕೆ ಬಂತು ಎಂದೇ ನನ್ನ ಎಣಿಕೆ.

1962ರ ಜೂನ್ 6ರಂದು ಆ್ಯಬಿ ರೋಡಿನ ಇಎಂಐ ಸ್ಟುಡಿಯೋದಲ್ಲಿ ಮೊದಲ ಮುದ್ರಣ. ಮ್ಯಾಕಾರ್ಟ್ನಿಯ ಬೇಸ್ ಆಂಪ್ಲಿಫೈಯರ್ ಎಷ್ಟು ಗೊರಗೊರ ಎನ್ನುತ್ತಿತ್ತೆಂದರೆ ಅದನ್ನು ಮುದ್ರಿಸುವುದು ಸಾಧ್ಯವೇ ಇರಲಿಲ್ಲ. ಕೆನ್ ಟೌನ್‌ಸೆಂಡ್ ಎಂಬ ತಂತ್ರಜ್ಞರು ಪ್ರತಿಧ್ವನಿ ಕೋಣೆಯಲ್ಲಿದ್ದ ಟ್ಯಾನಾಯ್ ಸ್ಪೀಕರನ್ನು ಹೊತ್ತು ತಂದು, ಬೇರೊಂದು ಆಂಪ್ಲಿಫೈಯರಿಗೆ ಜೋಡಿಸಿ ಕೆಲಸ ನಡೆಯುವಂತೆ ಮಾಡಿದರು. ನಾಲ್ಕು ಹಾಡುಗಳಲ್ಲಿ ಒಂದು ‘ಲವ್ ಮಿ ಡು’. ಅದರಲ್ಲಿ ಲೆನನ್ ಮೌತ್ ಆರ್ಗನ್ ನುಡಿಸುತ್ತಿದ್ದ, ಹಾಡಿನ ಹೆಸರೇ ಇರುವ ಸಾಲನ್ನೂ ಅವನೇ ಹಾಡುತ್ತಿದ್ದ. ಸಾಲು ಮುಗಿಯುವ ಅಕ್ಷರದ ಮೇಲೇ ಮೌತ್ ಆರ್ಗನ್ ಶುರುವಾಗಬೇಕು. ಒಂದೇ ಬಾಯಿಂದ ಎರಡೂ ಆಗದು. ಮಾರ್ಟಿನ್ ಅಲ್ಲಿಯೇ ಆ ಸಾಲನ್ನು ಮ್ಯಾಕಾರ್ಟ್ನಿಗೆ ಕೊಟ್ಟರು. ವಾದ್ಯಗಳೆಲ್ಲ ನಿಂತು ಒಂದೇ ದನಿ ಉಳಿಯುವ ಜಾಗ ಅದು. ತನ್ನ ದನಿಯ ನಡುಕ ಆ ರೆಕಾರ್ಡಿನಲ್ಲಿ ಇಂದಿಗೂ ತನಗೆ ಕೇಳಿಸುತ್ತದೆಂದು ಮ್ಯಾಕಾರ್ಟ್ನಿ ಹೇಳಿಕೊಂಡಿದ್ದಾರೆ. ಮುದ್ರಣದ ನಂತರ ಮಾರ್ಟಿನ್ ಹುಡುಗರ ಸಲಕರಣೆಗಳ ಬಗ್ಗೆ ದೀರ್ಘವಾಗಿ ಬುದ್ಧಿ ಹೇಳಿ, ನಿಮಗೆ ಇಷ್ಟವಾಗದ್ದು ಏನಾದರೂ ಇದ್ದರೆ ಹೇಳಿ ಎಂದಾಗ, ಮೊದಲನೆಯದಾಗಿ ನಿಮ್ಮ ಟೈ ಎಂದನಂತೆ ಹ್ಯಾರಿಸನ್. ಡೆಕ್ಕಾದಲ್ಲಿ ಇಂಥ ಮಾತು ಆಡಲು ಅವರಿಗೆ ಧೈರ್ಯ ಬಂದಿರಲಿಲ್ಲ ಎಂಬುದನ್ನು ಟೇಪೇ ಹೇಳುತ್ತದೆ.

ಬೆಸ್ಟ್‌ನ ಡ್ರಮ್ಮು ಮಾರ್ಟಿನ್ ಅವರಿಗೆ ಒಪ್ಪಿಗೆಯಾಗಲಿಲ್ಲ. ‘ಲವ್ ಮಿ ಡು’ವಿನ ಜೂನ್ ಮುದ್ರಣ ‘ಆಂಥಾಲಜಿ’ಯಲ್ಲಿದೆ, ನಡುವಿನ ವಾದ್ಯಭಾಗದಲ್ಲಿ ಲಯ ಜಿಗಿಯಲು ಹೋಗಿ ಮುಗ್ಗರಿಸುವುದನ್ನು ಯಾರು ಬೇಕಾದರೂ ಕೇಳಬಹುದು. ಆಗಸ್ಟ್ 16ರಂದು ಎಪ್‌ಸ್ಟೈನ್ ಬೆಸ್ಟ್‌ನನ್ನು ಕರೆದು ತಂಡದಿಂದ ಬಿಡಿಸಿದರು, ರಿಂಗೋ ಸ್ಟಾರ್ ಬಂದ. ಸೆಪ್ಟೆಂಬರ್ 4ರಂದು ರಿಂಗೋ ನುಡಿಸಿದ ‘ಲವ್ ಮಿ ಡು’ ಕೂಡ ತೃಪ್ತಿ ಕೊಡದೆ, ಸೆಪ್ಟೆಂಬರ್ 11ರಂದು ಆಂಡಿ ವೈಟ್ ಎಂಬ ಅನುಭವಿ ಸ್ಟುಡಿಯೋ ಡ್ರಮ್ ವಾದಕರನ್ನು ಕರೆಸಲಾಯಿತು. ಹೊಸದಾಗಿ ಬಂದ ರಿಂಗೋ ಕಂಜರದಂಥ ಟ್ಯಾಂಬೊರಿನ್ ಹಿಡಿದು ನಿಂತ. ಅಕ್ಟೋಬರ್ 5ರಂದು ಹೊರಬಂದ ರೆಕಾರ್ಡಿನ ಮೊದಲ ಮುದ್ರಿಕೆಗಳಲ್ಲಿ ಇದ್ದದ್ದು ಮಾತ್ರ ರಿಂಗೋ ಡ್ರಮ್ ನುಡಿಸಿದ್ದು; ಎಲ್‌ಪಿಯಲ್ಲಿರುವುದು ವೈಟ್ ನುಡಿಸಿದ್ದು. ಗುರುತಿಸುವುದು ಸುಲಭ, ಟ್ಯಾಂಬೊರಿನ್ ಕೇಳಿಸಿದರೆ ಡ್ರಮ್ಮಿನಲ್ಲಿರುವವರು ವೈಟ್. ಮೂರು ತಿಂಗಳಲ್ಲಿ ಮೂವರು ಡ್ರಮ್ ವಾದಕರೊಂದಿಗೆ ಒಂದೇ ಹಾಡು ಮೂರು ಸಲ ಮುದ್ರಣವಾಗಿರುವುದು ಕೇಳುಗನಿಗೆ ಸಿಕ್ಕ ಅಪರೂಪದ ಅನುಕೂಲ.

ಸೆಪ್ಟೆಂಬರ್ 4ರಂದು ಇನ್ನೊಂದು ಸಂಗತಿ ನಡೆಯಿತು, ಇದನ್ನು ನಾನು ಡ್ರಮ್ಮಿನ ಬದಲಾವಣೆಗಿಂತಲೂ ಮುಖ್ಯವೆಂದು ಎಣಿಸುತ್ತೇನೆ. ಮಿಚ್ ಮರಿ ಎಂಬ ವೃತ್ತಿಪರ ಗೀತಕಾರರ ‘ಹೌ ಡು ಯು ಡು ಇಟ್’ ಹಾಡನ್ನು ಮೊದಲ ರೆಕಾರ್ಡಾಗಿ ತರಬೇಕೆಂದು ಮಾರ್ಟಿನ್ ಬಯಸಿದ್ದರು. ತಂಡ ಅದನ್ನು ಮುದ್ರಿಸಿಕೊಟ್ಟಿತು, ಆದರೆ ನಮ್ಮ ಹಾಡೇ ಬೇಕೆಂದು ಹಠ ಹಿಡಿಯಿತು. ಇದು ಖಂಡಿತ ಗೆಲ್ಲುವ ಹಾಡೆಂದು ಮಾರ್ಟಿನ್ ಹೇಳಿದ್ದು ಸುಳ್ಳಾಗಲಿಲ್ಲ, 1963ರ ಏಪ್ರಿಲ್ ತಿಂಗಳಲ್ಲಿ ಜೆರಿ ಅಂಡ್ ದ ಪೇಸ್‌ಮೇಕರ್ಸ್ ತಂಡ ಅದನ್ನು ಮೊದಲ ಸ್ಥಾನಕ್ಕೆ ಒಯ್ದಿತು. ಬೀಟಲ್ಸ್ ಮುದ್ರಿಸಿದ್ದನ್ನು ಈಗ ಕೇಳಿದರೆ ಒಂದೂ ತಪ್ಪಿಲ್ಲದ, ಒಂದಿಷ್ಟೂ ಮನಸ್ಸಿಲ್ಲದ ನುಡಿಸಾಣಿಕೆ ಅದು. ಡೆಕ್ಕಾ ಟೇಪಿನ ಕೊನೆಯ ಪ್ರತಿಧ್ವನಿ. ಮಾರ್ಟಿನ್ ಮಣಿದರು. ‘ಲವ್ ಮಿ ಡು’ ಹದಿನೇಳನೆಯ ಸ್ಥಾನದವರೆಗೆ ಮಾತ್ರ ಹೋಯಿತು, ಆದರೆ ಹಾಡನ್ನು ಆರಿಸುವವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು. ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇತ್ತು: ನಿಧಾನಗತಿಯಲ್ಲಿದ್ದ ‘ಪ್ಲೀಸ್ ಪ್ಲೀಸ್ ಮಿ’ಯನ್ನು ವೇಗಕ್ಕೆ ಏರಿಸಿ ಎಂದವರು ಮಾರ್ಟಿನ್. ನವೆಂಬರ್ 26ರಂದು ಅದು ಮುಗಿದಾಗ, ನಿಮ್ಮ ಮೊದಲ ನಂಬರ್ ಒನ್ ಈಗ ಮುದ್ರಿಸಿದಿರಿ ಎಂದು ಅವರು ಮೇಲಿನ ಕೋಣೆಯಿಂದ ಹೇಳಿದರು. ಬ್ರಿಟನ್ನಿನ ಬಹುತೇಕ ಪಟ್ಟಿಗಳಲ್ಲಿ ಅದು ಹಾಗೆಯೇ ಆಯಿತು.

ಈಗ 1963ರ ಫೆಬ್ರವರಿ 11, ಸೋಮವಾರ. ಎಲ್‌ಪಿಯನ್ನು ಕ್ಯಾವರ್ನ್ ಕ್ಲಬ್ಬಿನಲ್ಲೇ ಜನರ ನಡುವೆ ಮುದ್ರಿಸುವ ಯೋಚನೆ ಮಾರ್ಟಿನ್ ಅವರಿಗಿತ್ತು, ಆ ನೆಲಮಾಳಿಗೆಯ ನಾದ ಕೆಲಸಕ್ಕೆ ಬಾರದೆಂದು ಕೈಬಿಟ್ಟರು. ಅದರ ಬದಲು ಕ್ಲಬ್ಬಿನ ಕಾರ್ಯಕ್ರಮವನ್ನೇ ಸ್ಟುಡಿಯೋಗೆ ತರುವ ನಿರ್ಧಾರವಾಯಿತು. ಎರಡು ರೆಕಾರ್ಡುಗಳ ನಾಲ್ಕು ಹಾಡು ಕೈಯಲ್ಲಿದ್ದವು, ಇನ್ನು ಹತ್ತು ಬೇಕಿತ್ತು. ಗಾಯಕಿ ಹೆಲೆನ್ ಶಪಿರೋ ಅವರ ಸಂಗೀತ ಪ್ರವಾಸದ ನಡುವೆ ಸಿಕ್ಕ ಒಂದು ದಿನ. ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಎರಡೂವರೆಯಿಂದ ಸಂಜೆಯವರೆಗೆ, ಸಂಜೆ ಏಳೂವರೆಯಿಂದ ರಾತ್ರಿ ಹತ್ತೂಮುಕ್ಕಾಲು. ಸಂಗೀತಗಾರರಿಗೆ ಒಂದು ಅವಧಿಗೆ ತಲಾ ಏಳೂವರೆ ಪೌಂಡ್. ಇಡೀ ಎಲ್‌ಪಿಗೆ ಆದ ಖರ್ಚು ನಾನೂರು ಪೌಂಡಿನಷ್ಟು.

ಯಂತ್ರದ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಿಟಿಆರ್ ಎಂಬ ಇಎಂಐನದೇ ಟೇಪ್ ಯಂತ್ರದಲ್ಲಿ ಎರಡು ಟ್ರ್ಯಾಕುಗಳು ಮಾತ್ರ: ಒಂದರಲ್ಲಿ ಕಂಠಗಳು, ಇನ್ನೊಂದರಲ್ಲಿ ವಾದ್ಯಗಳು. ಹಾಗೆ ಬೇರ್ಪಡಿಸಿದ್ದು ಸ್ಟೀರಿಯೊಗಾಗಿ ಅಲ್ಲ. ಎರಡನ್ನೂ ಕೂಡಿಸಿ ಮೊನೊ ಮಾಡುವಾಗ ದನಿ ಮತ್ತು ವಾದ್ಯಗಳ ಪ್ರಮಾಣವನ್ನು ಹೊಂದಿಸಿಕೊಳ್ಳಲಿಕ್ಕಾಗಿ. ಆಮೇಲೆ ಏನಾದರೂ ಸೇರಿಸಬೇಕೆಂದರೆ ಈ ಟೇಪನ್ನು ಇನ್ನೊಂದು ಯಂತ್ರಕ್ಕೆ ನಕಲು ಮಾಡುತ್ತಾ ಅದರ ಮೇಲೆ ನುಡಿಸಬೇಕು, ಪ್ರತಿ ನಕಲಿಗೂ ನಾದ ಒಂದಿಷ್ಟು ಮಾಸುತ್ತದೆ. ಆದ್ದರಿಂದ ನಾಲ್ವರೂ ಒಟ್ಟಿಗೆ ನಿಂತು, ಹಾಡುತ್ತಲೇ ನುಡಿಸುತ್ತಾ, ಒಂದೇ ಉಸಿರಿನಲ್ಲಿ ಮುಗಿಸುವುದೇ ದಾರಿ. ಈ ಕೊರತೆಯನ್ನು ಗುಣವಾಗಿ ಮಾಡಿದವರು ಸೌಂಡ್ ಇಂಜಿನಿಯರ್ ನಾರ್ಮನ್ ಸ್ಮಿತ್. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ಹೋಗದಂತೆ ಅಡ್ಡಪರದೆ ಇಡುವುದು ಆಗಿನ ರೂಢಿ. ಸ್ಮಿತ್ ಪರದೆಗಳನ್ನು ಆದಷ್ಟು ಸರಿಸಿ, ಮೈಕುಗಳನ್ನು ಆಂಪ್ಲಿಫೈಯರುಗಳಿಂದ ದೂರವಿಟ್ಟು, ಎರಡನೆಯ ನಂಬರಿನ ಆ ದೊಡ್ಡ ಸ್ಟುಡಿಯೋದ ಗೋಡೆಗಳಿಂದ ಮರಳುವ ಸದ್ದನ್ನೂ ಬರಮಾಡಿಕೊಂಡರು. ಎಲ್ಲರ ಮೈಕಿನಲ್ಲಿ ಎಲ್ಲರ ಸದ್ದೂ ಇದೆ. ಆ ಎಲ್‌ಪಿಯಲ್ಲಿ ನಾವು ಕೇಳುವುದು ನಾಲ್ಕು ವಾದ್ಯಗಳನ್ನಲ್ಲ, ಒಂದು ಕೋಣೆಯನ್ನು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಎಲ್‌ಪಿಯ ಮೊದಲ ಹಾಡು ‘ಐ ಸಾ ಹರ್ ಸ್ಟ್ಯಾಂಡಿಂಗ್ ದೇರ್’. ಮೊದಲ ಟೇಕ್, ಅಂದರೆ ಮೊದಲ ಸಲ ನುಡಿಸಿ ಮುದ್ರಿಸಿದ್ದು, ಚೆನ್ನಾಗಿ ಬಂತು, ಆದರೂ ಮತ್ತೆ ಮತ್ತೆ ನುಡಿಸಿದರು. ಒಂಬತ್ತನೆಯ ಟೇಕಿಗೆ ಮೊದಲು ಮ್ಯಾಕಾರ್ಟ್ನಿ ಒಂದು ಎರಡು ಮೂರು ನಾಲ್ಕು ಎಂದು ಎಣಿಸಿದ್ದು ಬಹಳ ಜೋರಾಗಿತ್ತು, ನಾಲ್ಕು ಎಂಬುದು ಸಿಡಿದಂತೆ ಬಂತು. ಮಾರ್ಟಿನ್ ಹಾಡಿಗೆ ಮೊದಲ ಟೇಕನ್ನೇ ಆರಿಸಿ, ಅದರ ತಲೆಗೆ ಒಂಬತ್ತನೆಯ ಟೇಕಿನ ಆ ಎಣಿಕೆಯನ್ನು ಕತ್ತರಿಸಿ ಅಂಟಿಸಿದರು. ಸಾಮಾನ್ಯವಾಗಿ ಕಸದ ಬುಟ್ಟಿಗೆ ಹೋಗುವ ಎಣಿಕೆ ಅದು. ಅದನ್ನು ಉಳಿಸಿದ್ದರಿಂದ ರೆಕಾರ್ಡು ವೇದಿಕೆಯ ಕಾರ್ಯಕ್ರಮದಂತೆ ಶುರುವಾಗುತ್ತದೆ. ಹಾಸ್ಯದ ರೆಕಾರ್ಡುಗಳಲ್ಲಿ ಪಳಗಿದ ಕಿವಿಯ ಕೆಲಸವಿದು.

ಊಟದ ಬಿಡುವಿನಲ್ಲಿ ಮಾರ್ಟಿನ್ ಮತ್ತು ತಂತ್ರಜ್ಞರು ಹೊರಗೆ ಹೋದರೆ ಹುಡುಗರು ಹಾಲು ಕುಡಿದು ಅಭ್ಯಾಸ ಮುಂದುವರಿಸಿದರು. ಲೆನನ್‌ಗೆ ಜೋರಾದ ನೆಗಡಿ. ದಿನವಿಡೀ ಗಂಟಲಿನ ಮಾತ್ರೆ ಚೀಪುತ್ತಿದ್ದ. ರಿಂಗೋ ಹಾಡಿದ ‘ಬಾಯ್ಸ್’ ಒಂದೇ ಟೇಕಿನಲ್ಲಿ ಮುಗಿಯಿತು. ಹತ್ತು ಗಂಟೆಯ ಹೊತ್ತಿಗೆ ಒಂದು ಹಾಡು ಉಳಿದಿತ್ತು, ‘ಟ್ವಿಸ್ಟ್ ಅಂಡ್ ಶೌಟ್’. ಐಸ್ಲಿ ಬ್ರದರ್ಸ್ ಹಿಂದಿನ ವರ್ಷ ಪ್ರಸಿದ್ಧಗೊಳಿಸಿದ್ದ ಇದನ್ನು ಹಾಡಿದರೆ ಲೆನನ್‌ನ ಗಂಟಲು ಕಿತ್ತುಹೋಗುತ್ತದೆಂದು ಗೊತ್ತಿದ್ದೇ ಕೊನೆಗೆ ಇಟ್ಟುಕೊಂಡಿದ್ದರು. ಒಂದು ಗುಟುಕು ಹಾಲು ಕುಡಿದು, ಅಂಗಿ ತೆಗೆದು ಲೆನನ್ ನಿಂತ. ಎರಡೂವರೆ ನಿಮಿಷ. ದನಿ ಸೀಳಿದ್ದು, ಉಸಿರು ಸಾಲದ್ದು, ಕೊನೆಯಲ್ಲಿ ಹಿಂದಿನಿಂದ ಕೇಳುವ ಗೆಲುವಿನ ಕೂಗು, ಎಲ್ಲವೂ ಟೇಪಿನಲ್ಲಿದೆ. ಎರಡನೆಯ ಟೇಕಿಗೆ ಯತ್ನಿಸಿದರು, ದನಿ ಉಳಿದಿರಲಿಲ್ಲ. ಆ ಹಾಡಿನಲ್ಲಿ ತನ್ನ ಕಂಠ ಕೇಳಿ ವರ್ಷಗಟ್ಟಲೆ ನಾಚಿಕೆಪಟ್ಟೆನೆಂದು ಲೆನನ್ ಮುಂದೆ ಹೇಳಿದ. ಡೆಕ್ಕಾದ ‘ಮನಿ’ಯಲ್ಲಿ ಅರ್ಧಕ್ಕೆ ನಿಂತ ಕಿರುಚು ಇಲ್ಲಿ ಪೂರ್ಣವಾಗಿದೆ, ಹಾಡನ್ನು ಆರಿಸಿದವನೂ ಹಾಡುವವನೂ ಒಬ್ಬನೇ, ಕೇಳುತ್ತಿದ್ದವರಿಗೆ ಬೇಕಾಗಿದ್ದದ್ದೂ ಅದೇ.

ಇದೇ ತಂಡ ಯಾರ ಎದುರೂ ಅಂಜದೆ ನುಡಿಸಿದ ಎರಡು ಮುದ್ರಣ ರಾಶಿಗಳನ್ನು ಕೂಡ ಹೆಸರಿಸಬೇಕು. 1962ರ ಡಿಸೆಂಬರಿನ ಕೊನೆಯಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಮನೆಬಳಕೆಯ ಗ್ರುಂಡಿಗ್ ಯಂತ್ರ ಮತ್ತು ಒಂದು ಮೈಕಿನಿಂದ ಹಿಡಿದ ಟೇಪುಗಳು 1977ರಲ್ಲಿ ಹೊರಬಂದವು. ನಾದ ಮಸುಕು, ಹಾಡಿನ ನಡುವೆ ಬೈಗುಳ, ನಗು, ಬಾಟಲಿಗಳ ಸದ್ದು. ಲಯದ ವೇಗ ಮಾತ್ರ ದಿಗ್ಭ್ರಮೆ ಹುಟ್ಟಿಸುವಂಥದ್ದು. 1998ರಲ್ಲಿ ಹ್ಯಾರಿಸನ್ ಲಂಡನ್ನಿನ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿ ಈ ಟೇಪುಗಳನ್ನು ಮಾರುಕಟ್ಟೆಯಿಂದ ತೆಗೆಸಿದರು. ಎರಡನೆಯದು ಬಿಬಿಸಿ. ಸಂಗೀತಗಾರರ ಸಂಘದ ಒತ್ತಾಯದಿಂದ ರೇಡಿಯೋದಲ್ಲಿ ರೆಕಾರ್ಡು ಹಾಕುವ ಗಂಟೆಗಳಿಗೆ ಆಗ ಮಿತಿಯಿತ್ತು, ಉಳಿದ ಹೊತ್ತನ್ನು ಕಲಾವಿದರೇ ಬಂದು ನುಡಿಸಿ ತುಂಬಬೇಕಿತ್ತು. ಆ ನಿಯಮದ ದೆಸೆಯಿಂದ 1962ರಿಂದ 1965ರವರೆಗೆ ಬೀಟಲ್ಸ್ ಬಿಬಿಸಿಗಾಗಿ 88 ಬೇರೆ ಬೇರೆ ಹಾಡುಗಳನ್ನು ನುಡಿಸಿದರು, ಅವುಗಳಲ್ಲಿ 36 ಅವರ ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ಬಿಬಿಸಿ ಹೆಚ್ಚಿನ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿತು. ಎಷ್ಟೋ ಹಾಡುಗಳು ಉಳಿದದ್ದು ಮನೆಯಲ್ಲಿ ರೇಡಿಯೋದ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡಿದ್ದ ಕೇಳುಗರಿಂದ.

ಭಾರತಕ್ಕೆ ಈ ಹಾಡುಗಳು ಬಂದ ದಾರಿಯನ್ನೂ ಒಂದು ಮಾತಿನಲ್ಲಿ ಹೇಳುವೆ. ಇಎಂಐನ ಭಾರತೀಯ ಶಾಖೆಯ ಕಾರ್ಖಾನೆ ಕಲ್ಕತ್ತದ ಡಂಡಂನಲ್ಲಿತ್ತು. ಬ್ರಿಟನ್ನಿನಲ್ಲಿ 78 ಸುತ್ತಿನ ತಟ್ಟೆಗಳ ತಯಾರಿಕೆ ನಿಂತು ಹೋದ ಮೇಲೂ, ಕೀಲಿ ಕೊಟ್ಟು ನಡೆಸುವ ಗ್ರಾಮಫೋನುಗಳು ಮನೆಮನೆಯಲ್ಲಿದ್ದ ಇಲ್ಲಿ ಬೀಟಲ್ಸ್ ಹಾಡುಗಳು 1960ರ ದಶಕದ ಮಧ್ಯದವರೆಗೆ 78 ಸುತ್ತಿನ ತಟ್ಟೆಗಳಲ್ಲೂ ಅಚ್ಚಾದವು. ಇಂದು ಜಗತ್ತಿನ ಸಂಗ್ರಾಹಕರು ಹುಡುಕುವುದು ಡಂಡಂನ ಆ ತಟ್ಟೆಗಳನ್ನು.

ಉಪನ್ಯಾಸದ ನಂತರ ಸಭಿಕರೊಬ್ಬರು, ಈ ಆರಂಭದ ಹಾಡುಗಳನ್ನು ಮೊನೊದಲ್ಲಿ ಕೇಳಬೇಕೇ ಸ್ಟೀರಿಯೊದಲ್ಲಿ ಕೇಳಬೇಕೇ ಎಂದು ಕೇಳಿದರು. ಮೊದಲ ಎಲ್‌ಪಿಯನ್ನು ಮೊನೊದಲ್ಲೇ ಕೇಳಬೇಕೆಂದು ನನ್ನ ಸಲಹೆ; ಮಾರ್ಟಿನ್ ಮತ್ತು ಸ್ಮಿತ್ ಮನಸ್ಸಿಟ್ಟು ಮಾಡಿದ್ದು ಅದನ್ನೇ. ಸ್ಟೀರಿಯೊದಲ್ಲಿ ಒಂದು ಕಿವಿಗೆ ಕಂಠ, ಒಂದು ಕಿವಿಗೆ ವಾದ್ಯ ಎಂದು ಸೀಳಿಹೋಗಿರುತ್ತದೆ. ಆದರೆ ಒಮ್ಮೆ ಸ್ಟೀರಿಯೊದ ವಾದ್ಯದ ಬದಿಯನ್ನಷ್ಟೇ ಕೇಳಿ ನೋಡಿ: ಡ್ರಮ್ಮು ಗಿಟಾರುಗಳ ಹಿಂದೆ, ಕೋಣೆಯನ್ನು ದಾಟಿ ಬಂದ ಲೆನನ್‌ನ ಕಂಠ ತೆಳುವಾಗಿ ಕೇಳಿಸುತ್ತದೆ, ನಾಲ್ವರು ಒಟ್ಟಿಗೆ ನಿಂತಿದ್ದರು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. 1963ರ ಅಕ್ಟೋಬರ್ 17ರಂದು ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ ಮುದ್ರಣಕ್ಕೆ ಮೊದಲ ಸಲ ನಾಲ್ಕು ಟ್ರ್ಯಾಕಿನ ಯಂತ್ರ ಬಂದ ಮೇಲೆ ಈ ಬಗೆಯ ಸಾಕ್ಷಿ ಕಡಿಮೆಯಾಗುತ್ತಾ ಹೋಯಿತು. ಇನ್ನು 1963ರ ಜುಲೈ 1ರಂದು ಮುದ್ರಿಸಿದ ‘ಶಿ ಲವ್ಸ್ ಯು’ ವಿಷಯದಲ್ಲಿ ಬಹುಕಾಲ ಆಯ್ಕೆಯೇ ಇರಲಿಲ್ಲ. ಮೊನೊ ಪ್ರತಿ ಸಿದ್ಧವಾದ ಮೇಲೆ ಅದರ ಎರಡು ಟ್ರ್ಯಾಕಿನ ಮೂಲ ಟೇಪನ್ನು ಸ್ಟುಡಿಯೋದವರು ಉಳಿಸಿಕೊಳ್ಳಲಿಲ್ಲ, ಹಾಗಾಗಿ ಆ ಹಾಡಿಗೆ 2023ರವರೆಗೆ ನಿಜವಾದ ಸ್ಟೀರಿಯೊ ಮುದ್ರಣ ಬರಲಿಲ್ಲ.